ಮೂರು ಗಡಿಗೆ ಮದ್ದು ಮತ್ತು ಹೊಗೆಹುಲಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಏಳುಕಣಿವೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಏಳು ಕಣಿವೆಗಳಿದ್ದುದರಿಂದ ಅದಕ್ಕೆ ಆ ಹೆಸರು. ಎಂಟನೆಯ ಕಣಿವೆಯೂ ಒಂದಿತ್ತು. ಆದರೆ ಅಲ್ಲಿ ಯಾರೂ ವಾಸಿಸುತ್ತಿರಲಿಲ್ಲ, ಕದಡಯ್ಯ ಎಂಬ ಮಾಂತ್ರಿಕ ವಾಸಿಸುತ್ತಿದ್ದ. ಅವನೊಬ್ಬ ಇದ್ದಮೇಲೆ ಯಾರೂ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಒಳ್ಳೆಯವರು ಯಾರೂ ಇರಲಿಲ್ಲ ಎಂದು ತಿಳಿಯಬೇಕು.

ಕದಡಯ್ಯ ಒಂದು ಹುಲಿಯನ್ನು ಸಾಕಿದ್ದ. ಅದರ ಮೈ ಹೊಗೆ, ಬಾಲ ಹೊಗೆ, ಪಟ್ಟೆಗಳು ಇನ್ನಷ್ಟು ಕಪ್ಪಾದ ಹೊಗೆ. ಅದು ಯಾರನ್ನೂ ಕಚ್ಚುತ್ತಿರಲಿಲ್ಲ. ಹೊಗೆಗೆ ಹಲ್ಲು ಎಲ್ಲಿಂದ ಬರಬೇಕು? ಅದು ಉಸಿರು ಬಿಡುತ್ತಿತ್ತು, ಅಷ್ಟೇ. ಆದರೆ ಆ ಉಸಿರು ತಾಗಿದವರಿಗೆ ಲೋಕವೆಲ್ಲ ಕಲಸಿಹೋಗುತ್ತಿತ್ತು. ಹಸುವಿಗೆ ತನ್ನ ಕರು ಯಾವುದು ಎಂದು ತಿಳಿಯುತ್ತಿರಲಿಲ್ಲ. ಗಂಡಸರು ಪಕ್ಕದ ಮನೆಯಲ್ಲಿ ಊಟಕ್ಕೆ ಕೂತು, ಸಾರು ಯಾಕೆ ಬೇರೆ ರುಚಿ ಎಂದು ಜಗಳ ತೆಗೆಯುತ್ತಿದ್ದರು.

ಪ್ರತಿ ವರ್ಷ ಕೊಯ್ಲಿನ ಮೊದಲ ದಿನ, ಸೂರ್ಯ ನೆತ್ತಿಯ ಮೇಲೆ ಬಂದಾಗ ಹೊಗೆಹುಲಿ ಊರಿಗೆ ಇಳಿಯುತ್ತಿತ್ತು. ಅದು ಹೆದರುತ್ತಿದ್ದುದು ಕೋವಿಯ ಸದ್ದಿಗೆ ಮಾತ್ರ. ಅದಕ್ಕಾಗಿ ರಾಜನ ಮದ್ದಿನ ಮನೆಯಿಂದ ವರ್ಷಕ್ಕೊಮ್ಮೆ ಮನೆಮನೆಗೂ ಮೂರು ಗಡಿಗೆ ಮದ್ದು ಬರುತ್ತಿತ್ತು. ಜನ ಖಾಲಿ ಹಿತ್ತಾಳೆ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿ ಇಟ್ಟುಕೊಳ್ಳುತ್ತಿದ್ದರು.

ಮೂರು ಗಡಿಗೆ ಯಾಕೆ ಎಂದರೆ, ಮದ್ದು ಮೂರು ಬಗೆ. ಉದ್ದ ಕೋವಿಗೆ ನಿಧಾನಮದ್ದು. ಗಿಡ್ಡ ಕೋವಿಗೆ ಅವಸರಮದ್ದು. ಹಬ್ಬದಲ್ಲಿ ಸದ್ದಿಗೆಂದೇ ಸಿಡಿಸುವ ಕದನಿಗೆ ಗದ್ದಲಮದ್ದು. ಮೂರೂ ಕಪ್ಪು, ಮೂರೂ ಹರಳುಹರಳು, ಬೆರಳಲ್ಲಿ ಹಿಡಿದರೆ ಮೂರೂ ಒಂದೇ. ಅದಕ್ಕೇ ಗಡಿಗೆಯ ಮುಚ್ಚಳಗಳ ಮೇಲೆ ರಾಜಮುದ್ರೆ ಇರುತ್ತಿತ್ತು: ನಿಧಾನಮದ್ದಿಗೆ ಆಮೆ, ಅವಸರಮದ್ದಿಗೆ ಮೊಲ, ಗದ್ದಲಮದ್ದಿಗೆ ಕಪ್ಪೆ. ಅವಸರಮದ್ದನ್ನು ತಪ್ಪಿ ಉದ್ದ ಕೋವಿಗೆ ತುಂಬಿದರೆ ಕೋವಿಯೇ ಒಡೆದು, ಹಿಡಿದವರ ಕೈಯೂ ಮುಖವೂ ಹೋಗುತ್ತಿದ್ದವು.

ಸುರಗಿಹಳ್ಳಿ ಎಂಬ ಊರಿನಲ್ಲಿ ಉದ್ದ ಕೋವಿ ಹಿಡಿಯುವವಳು ಮಾಚಕ್ಕ. ಅವಳಿಗೆ ತೋಟಾ ತುಂಬಿಕೊಡುತ್ತಿದ್ದವಳು ತಾಯಿ ಸಂಕವ್ವ. ಆದರೆ ಹೋದ ವರ್ಷ ಹೊಗೆಹುಲಿಯ ಉಸಿರು ಸಂಕವ್ವನಿಗೆ ತಾಗಿಬಿಟ್ಟಿತು. ಅಂದಿನಿಂದ ಅವಳು ಸೌಟಿಗೆ ಗಿಣಿ ಎನ್ನುತ್ತಿದ್ದಳು, ಸ್ವಂತ ಮಗನನ್ನು "ಯಾರಪ್ಪ ನೀನು, ಕುಡಿಯೋಕೆ ನೀರು ಬೇಕಾ?" ಎಂದು ಕೇಳುತ್ತಿದ್ದಳು. ಹಾಗಾಗಿ ಈ ವರ್ಷ ತೋಟಾ ತುಂಬುವ ಕೆಲಸ ಆ ಮಗನ ಪಾಲಿಗೆ ಬಂತು. ಅವನ ಹೆಸರು ಬೊಮ್ಮಣ್ಣ. ವಯಸ್ಸು ಇಪ್ಪತ್ತು. ಇಪ್ಪತ್ತಾದರೂ ಎಡಗಾಲಿನ ಚಪ್ಪಲಿ ಯಾವುದು ಎಂದು ಒಂದು ಗಳಿಗೆ ಯೋಚಿಸುವವನು.

"ಲೋ ಬೊಮ್ಮ, ಅವ್ವನ ಪದ್ಧತಿ ಒಂದೇ ಒಂದು" ಎಂದಳು ಮಾಚಕ್ಕ. "ಒಂದು ಹಲಗೆ, ಒಂದು ಗಡಿಗೆ. ತೋಟಾ ತುಂಬೋ ಹಲಗೆ ಮೇಲೆ ಒಂದು ಗಡಿಗೆ ಇದ್ದಾಗ ಇನ್ನೊಂದು ಬರಬಾರದು. ಉಳಿದ ಮದ್ದು ಅದರದ್ದೇ ಗಡಿಗೆಗೆ ಹೋಗಬೇಕು, ಮುಚ್ಚಳ ಬೀಳಬೇಕು, ಗಡಿಗೆ ಮರದ ಗೂಡು ಸೇರಬೇಕು. ಆಮೇಲೆ ಇನ್ನೊಂದು."

"ಗೊತ್ತು ಬಿಡಕ್ಕ" ಎಂದ ಬೊಮ್ಮಣ್ಣ. ಅವನಿಗೆ ಅಷ್ಟೊಂದು ಗೊತ್ತಾಗಿರಲಿಲ್ಲ.

ಕೊಯ್ಲಿಗೆ ನಾಲ್ಕು ದಿನ ಇರುವಾಗ, ಬಾಗಿಲಿಗೆ ಒಬ್ಬ ಕುಂಬಾರ ಬಂದ. ನಿಜವಾಗಿ ಅವನು ಕುಂಬಾರನಲ್ಲ, ವೇಷ ಹಾಕಿದ ಕದಡಯ್ಯ. ಅವನ ತಲೆಯ ಮೇಲೆ ಎಮ್ಮೆಯಷ್ಟು ದೊಡ್ಡ ಗುಡಾಣ.

"ಏನಣ್ಣ, ಮೂರು ಗಡಿಗೆ ಇಟ್ಕೊಂಡು ಒದ್ದಾಡ್ತೀಯಲ್ಲ! ಇದಕ್ಕೆ ಎಲ್ಲಾ ಸುರಿ. ಜಾಗ ಉಳೀತದೆ."

ಬೊಮ್ಮಣ್ಣ ಗಡಿಗೆ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಜಾಗ ಉಳಿಯುವುದು ನಿಜ ಎನಿಸಿತು. "ಸುರೀತೀನಿ. ಆದರೆ ನಿಧಾನಮದ್ದು ಬೇಕಾದಾಗ ಅದನ್ನ ಇದರಿಂದ ಆರಿಸೋದು ಹೇಗಪ್ಪ?"

ಕುಂಬಾರ ಗುಡಾಣ ಹೊತ್ತು ಹೊರಟುಹೋದ.

ಮಾರನೆಯ ದಿನ ಒಬ್ಬ ಕಮ್ಮಾರ ಬಂದ. ಅವನೂ ಕದಡಯ್ಯನೇ. ಹೆಬ್ಬೆರಳಷ್ಟು ದಪ್ಪ ತಗಡಿನ ಕಬ್ಬಿಣದ ಪೆಟ್ಟಿಗೆ ತಂದಿದ್ದ, ಗಾಳಿಯೂ ಆಡದಂತೆ ಬಿಗಿ ಮುಚ್ಚಳ, ಮೂರು ಬೀಗ.

"ಮದ್ದನ್ನ ಯಾರಾದ್ರೂ ತೆಳ್ಳನೆ ಹಲಗೆ ಗೂಡಲ್ಲಿ ಇಡ್ತಾರಾ ತಮ್ಮ? ಇದರೊಳಗೆ ಇಡು. ಕಿಡಿ ಬಿದ್ದರೂ ಒಳಗಿಂದ ಒಂದು ಚೂರೂ ಆಚೆ ಬರಲ್ಲ."

ಕಬ್ಬಿಣ ಗಟ್ಟಿ, ಹಲಗೆ ತೆಳ್ಳಗೆ. ಇಲ್ಲಿ ತಪ್ಪು ಎಲ್ಲಿದೆ ಎಂದು ಬೊಮ್ಮಣ್ಣನಿಗೆ ಕಾಣಲಿಲ್ಲ. ಆಗ ಒಳಗೆ ಅನ್ನದ ಪಾತ್ರೆಯ ತಟ್ಟೆ ಟಕಟಕ ಕುಣಿಯಿತು. ಅಕ್ಕ ಅದರ ಮೇಲೆ ಕಲ್ಲು ಹೇರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ, ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಆಚೆ ಬರಬೇಕಪ್ಪ" ಎಂದ. "ಹಲಗೆಯಾದ್ರೆ ಬಿಚ್ಚಿಕೊಂಡು ಬುಸ್ ಅಂತ ಉರಿದುಹೋಗ್ತದೆ. ಇದರೊಳಗೆ ಕಟ್ಟಿಹಾಕಿದರೆ ಮನೆಯೇ ಹಾರ್ತದೆ. ತಗೊಂಡ್ಹೋಗು."

ಕಮ್ಮಾರ ಹಲ್ಲು ಕಡಿಯುತ್ತ ಹೋದ. ಎರಡು ಪರೀಕ್ಷೆ ಗೆದ್ದ ಬೊಮ್ಮಣ್ಣನಿಗೆ ತಾನು ಜಾಣ ಎನಿಸಿತು. ಅಪಾಯ ಇದ್ದುದು ಅದರಲ್ಲೇ.

ಮೂರನೆಯ ದಿನ ಒಬ್ಬ ಮುದುಕಿ ಬಂದಳು. ಅವಳೂ ಕದಡಯ್ಯನೇ ಎಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

"ಮಗಾ, ಮದ್ದು ಥಂಡಿ ಹಿಡಿದಿರಬೇಕು. ಒಲೆ ಪಕ್ಕ ಇಡು."

"ಒಲೆ ಪಕ್ಕ ಮದ್ದಾ! ಅಜ್ಜಿ, ಅಷ್ಟು ದಡ್ಡ ಅಲ್ಲ ನಾನು."

"ಅಯ್ಯೋ, ಎಷ್ಟು ಜಾಣ ನನ್ನಪ್ಪ! ಹಂಗಾದ್ರೆ ಮೂರನ್ನೂ ಹಲಗೆ ಮೇಲೆ ತೆಗೆದಿಡು, ಒಂದು ಸಲ ಮೂಸಿ ಹೇಳಿಬಿಡ್ತೀನಿ, ಥಂಡಿ ಹೌದೋ ಅಲ್ಲವೋ. ನಿನ್ನಂಥ ಜಾಣನಿಗೆ ಯಾವುದು ಯಾವುದು ಅಂತ ಗೊತ್ತೇ ಇರ್ತದಲ್ಲ?"

"ಗೊತ್ತಿಲ್ಲದೆ ಏನು?" ಎಂದ ಬೊಮ್ಮಣ್ಣ.

ಮೂರೂ ಗಡಿಗೆ ಹಲಗೆಯ ಮೇಲೆ ಬಂದವು. ಮೂರೂ ಮುಚ್ಚಳ ತೆರೆದವು. ಮುದುಕಿ ಮೂಸಲು ಬಗ್ಗಿ, ಮೂಗಿನಿಂದ ಒಂದು ಎಳೆ ಹೊಗೆ ಬಿಟ್ಟಳು. ಬೊಮ್ಮಣ್ಣನ ಕಣ್ಣು ಮಂಜಾಯಿತು. ಮಂಜು ಹರಿದಾಗ ಮುದುಕಿ ಇರಲಿಲ್ಲ. ಗಡಿಗೆಗಳು ಜಾಗ ಬದಲಿಸಿದ್ದವೋ ಇಲ್ಲವೋ ತಿಳಿಯಲಿಲ್ಲ. ಆಮೆ, ಮೊಲ, ಕಪ್ಪೆ, ಮೂರೂ ಮುಚ್ಚಳ ನೆಲದ ಮೇಲೆ. ಅಳತೆಯ ಚಿಪ್ಪಿನಲ್ಲಿ ಒಂದು ಹಿಡಿ ಮದ್ದು. ಯಾವ ಗಡಿಗೆಯದು?

ಅವನು ಎಡದ ಗಡಿಗೆಗೆ ಆಮೆ ಮುಚ್ಚಿದ. ತೆಗೆದು ಬಲದ ಗಡಿಗೆಗೆ ಮುಚ್ಚಿದ. "ಅವ್ವಾ, ಇದು ಯಾವುದವ್ವಾ?" ಎಂದು ತಾಯಿಯನ್ನು ಕೇಳಿದ. ಸಂಕವ್ವ ಮೂರನ್ನೂ ಪ್ರೀತಿಯಿಂದ ನೋಡಿ, "ರಾಗಿ ಚೆನ್ನಾಗಿದೆ" ಎಂದಳು.

ಕೊಯ್ಲಿನ ದಿನ ಬೆಳಗ್ಗೆ ಮಾಚಕ್ಕ ಕೋವಿ ಒರೆಸುತ್ತ ಕೈ ಚಾಚಿದಳು. "ಕೊಡೋ ತೋಟಾ. ನೀನು ತುಂಬಿದ್ದು ಅಂದ್ರೆ ನೋಡೋದೂ ಬೇಡ ನನಗೆ."

ಬೊಮ್ಮಣ್ಣ ಆ ಕೈ ನೋಡಿದ. ಐದು ಬೆರಳು, ಹೆಬ್ಬೆರಳಿನಲ್ಲಿ ಕುಡುಗೋಲಿನ ಹಳೆಯ ಗಾಯ. ಒಂದು ಗಡಿಗೆ ಆರಿಸಿ ತುಂಬಿದರೆ ಮೂರರಲ್ಲಿ ಒಂದು ಸಲ ಸರಿಯಾಗಬಹುದು. ಉಳಿದ ಎರಡು ಸಲ?

"ಅಕ್ಕ, ನನಗೆ ಗೊತ್ತಿಲ್ಲ" ಎಂದ.

"ಏನು ಗೊತ್ತಿಲ್ಲ?"

"ಯಾವ ಮದ್ದು ಯಾವುದು ಅಂತ. ಮೂರನ್ನೂ ಒಟ್ಟಿಗೆ ತೆರೆದೆ."

ಮಾಚಕ್ಕ ಬೈಯಲು ಬಾಯಿ ತೆರೆದಳು, ತಮ್ಮನ ಮುಖ ನೋಡಿ ಮುಚ್ಚಿಕೊಂಡಳು. "ಗೊತ್ತಿಲ್ಲದ ಮದ್ದು ಕೋವಿಗೆ ಬೇಡ. ಚೆಲ್ಲು" ಎಂದಳು.

ಇಬ್ಬರೂ ಗಡಿಗೆಗಳನ್ನು ಊರಾಚೆಯ ಹಳ್ಳಕ್ಕೆ ಒಯ್ದು ನೀರಿಗೆ ಸುರಿದರು. ಆಗ ಬೆಟ್ಟದ ತುದಿಯಲ್ಲಿ ಹೊಗೆಹುಲಿ ಕಾಣಿಸಿತು. ಅದರ ಒಂದು ಪಟ್ಟೆ ಅಳಿಸಿಹೋಗಿತ್ತು. ಬೊಮ್ಮಣ್ಣ ಅದನ್ನು ನೋಡಿದ, ಅರ್ಥವಾಗಲಿಲ್ಲ. ಮದ್ದು ಬೇಡಲು ಓಡಿದ.

ಮೊದಲ ಮನೆ ಚೌಡಮ್ಮನದು. "ನಮ್ಮ ಮದ್ದು ಆ ಕುಂಬಾರ ಕೊಟ್ಟ ಗುಡಾಣದಲ್ಲಿದೆಯಪ್ಪ, ಮೂರೂ ಒಟ್ಟಿಗೆ."

"ಆರಿಸೋದು ಹೇಗೆ ಅತ್ತೆ?"

ಚೌಡಮ್ಮ ಕೆನ್ನೆಗೆ ಕೈ ಇಟ್ಟಳು. "ಅದು ನನಗೂ ಗೊತ್ತಿಲ್ಲವಲ್ಲೋ!" ಬೆಟ್ಟದ ಮೇಲೆ ಇನ್ನೊಂದು ಪಟ್ಟೆ ಅಳಿಯಿತು.

ಯಾರಾದರೂ ಗೊತ್ತಿಲ್ಲ ಎಂದು ಒಪ್ಪಿಕೊಂಡಾಗಲೆಲ್ಲ ಒಂದು ಪಟ್ಟೆ ಅಳಿಯುತ್ತಿದೆ ಎಂದು ಈಗ ಬೊಮ್ಮಣ್ಣನಿಗೆ ಅರ್ಥವಾಯಿತು. ಗೊತ್ತಿಲ್ಲದವರು ಗೊತ್ತು ಎಂದಾಗಲೆಲ್ಲ ಏಳುತ್ತಿದ್ದ ಹೊಗೆಯಿಂದಲೇ ಕದಡಯ್ಯ ಆ ಹುಲಿಯನ್ನು ಬೆಳೆಸಿದ್ದ. ಬೊಮ್ಮಣ್ಣ ಬೀದಿಯಲ್ಲಿ ನಿಂತು ಕೂಗಿದ: "ನಮ್ಮನೆ ಮದ್ದು ಯಾವುದು ಅಂತ ನನಗೆ ಗೊತ್ತಿಲ್ಲ! ಗೊತ್ತಿಲ್ಲದವರೆಲ್ಲ ಬಂದು ಹಳ್ಳಕ್ಕೆ ಸುರೀರಿ!"

ಬಾಗಿಲುಗಳು ತೆರೆದವು. ಒಬ್ಬ ಪೆಟ್ಟಿಗೆಯ ಬೀಗ ತೆಗೆದ, ಒಬ್ಬಳು ಒಲೆಯ ಪಕ್ಕದ ಗಡಿಗೆ ಎತ್ತಿದಳು. "ನನಗೂ ಗೊತ್ತಿಲ್ಲ", "ನನಗೂ" ಎನ್ನುತ್ತ ನಾಚಿಕೊಂಡು, ನಗುತ್ತ ಸುರಿದರು. ಒಂದೊಂದು ಮಾತಿಗೆ ಒಂದೊಂದು ಪಟ್ಟೆ ಹೋಯಿತು. ಆದರೆ ಹುಲಿ ನಿಲ್ಲಲಿಲ್ಲ, ಇಳಿಯುತ್ತಲೇ ಇತ್ತು.

ಕೊನೆಯ ಮನೆ ತಿರುಮಲಜ್ಜನದು. ಅವನು ಗೂಡಿನಿಂದ ಒಂದೇ ಒಂದು ಗಡಿಗೆ ತೆಗೆದ. ಅದರ ಮೇಲೆ ಒಡೆಯದ ಆಮೆಮುದ್ರೆ.

"ನನಗಿರೋದು ಒಂದೇ ಕೋವಿ, ಉದ್ದದ್ದು. ಇನ್ನೆರಡು ಗಡಿಗೆ ನನಗ್ಯಾಕೆ ಅಂತ ವಾಪಸ್ ಕಳಿಸಿಬಿಟ್ಟೆ. ಯಾರೋ ಬಂದು ಸುರಿ ಅಂದ, ಬೀಗ ಹಾಕು ಅಂದ, ತೆರೆದು ತೋರಿಸು ಅಂದ. ನಂಗೆ ಕಿವಿ ಕೇಳ್ಸಲ್ಲ, ಹೋಗಯ್ಯ ಅಂದೆ."

ಬೊಮ್ಮಣ್ಣ ಗಡಿಗೆಯನ್ನು ಖಾಲಿ ಹಲಗೆಯ ಮೇಲಿಟ್ಟ. ಒಂದು ಹಲಗೆ, ಒಂದು ಗಡಿಗೆ. ಅಳೆದ, ತುಂಬಿದ, ಮುಚ್ಚಳ ಹಾಕಿದ, ಗಡಿಗೆಯನ್ನು ಗೂಡಿಗೆ ಸೇರಿಸಿದ. ಮೂರು ತೋಟಾ ಅಕ್ಕನ ಕೈಗೆ ಕೊಟ್ಟು, "ಇದು ಗೊತ್ತು" ಎಂದ.

ಸೂರ್ಯ ನೆತ್ತಿಗೆ ಬಂದ. ಮಾಚಕ್ಕ ಒಂದು ಹಾರಿಸಿದಳು, ಹುಲಿಯ ಕಾಲು ಕರಗಿತು. ಎರಡು ಹಾರಿಸಿದಳು, ಮೈ ಕರಗಿತು. ಮೂರನೆಯದಕ್ಕೆ ತಲೆಯೂ ಚದುರಿ, ಆ ಹೊಗೆಯೆಲ್ಲ ಎಂಟನೆಯ ಕಣಿವೆಗೆ ಹಾರಿ ಒಡೆಯನ ಮೂಗಿಗೇ ಹೊಕ್ಕಿತು. ಕದಡಯ್ಯನಿಗೆ ತಾನು ಕುಂಬಾರನೋ, ಕಮ್ಮಾರನೋ, ಮುದುಕಿಯೋ ತಿಳಿಯದೆ ಹೋಯಿತು. ಮಂತ್ರಗಳೆಲ್ಲ ಮರೆತುಹೋದವು. ರಾಜ ಅವನಿಗೆ ಒಂದು ಕುರಿ ಕೊಟ್ಟ. ಅದನ್ನು ಮೇಯಿಸುತ್ತ ಯಾರಿಗೂ ತೊಂದರೆ ಕೊಡದೆ ಬದುಕಿದ.

ಹಸುಗಳು ಕರುಗಳನ್ನು ನೆಕ್ಕಿದವು. ಗಂಡಸರು ತಮ್ಮ ತಮ್ಮ ಮನೆಯ ಸಾರಿಗೇ ಬೈದರು. ಮಾಚಕ್ಕ ಹತ್ತೂ ಬೆರಳು ಉಳಿದ ಕೈಗಳಲ್ಲಿ ಅಂದೇ ಪೈರು ಕೊಯ್ದಳು. ಬೊಮ್ಮಣ್ಣ ಹಳ್ಳದ ಕೆಸರು ಮೆತ್ತಿದ ಕಾಲಲ್ಲಿ ಮನೆಗೆ ಬಂದು, ಹೊಸ್ತಿಲ ಬಳಿ ಹೆದರುತ್ತ ನಿಂತ. ಒಳಗಿನಿಂದ ಸಂಕವ್ವ ಎದ್ದು ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಥೂ, ಬೊಮ್ಮ! ಕಾಲು ತೊಳ್ಕೊಂಡು ಬಾರೋ!" ಎಂದಳು.

ಅವನು ಕಾಲು ತೊಳೆಯಲಿಲ್ಲ, ಅಲ್ಲೇ ಕೂತು ಅತ್ತ. ಅಂದಿನಿಂದ ಏಳುಕಣಿವೆಯಲ್ಲಿ ಅವರವರ ಮನೆಯಲ್ಲಿ ಅವರವರು, ಆಯಾ ಗಡಿಗೆಯಲ್ಲಿ ಆಯಾ ಮದ್ದು ಇದ್ದು, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.