ಮೂಲೆಯ ಪೀಪಾಯಿ

ಇಟಲಿಯ ಓರ್ವಿಯೆತೋದ ನಮ್ಮ ಮನೆಯಡಿ, ರೋಮನ್ನರಿಗೂ ಹಿಂದಿನ ಎತ್ರುಸ್ಕರ ಕಾಲದ ಗುಹೆಯಿದೆ. ಅಪ್ಪ ಅದನ್ನು ವೈನ್ ಮಾಡಲೆಂದು ನನ್ನ ತಮ್ಮ ಇಲಾರಿಯೊಗೆ ಕೊಟ್ಟರು.

"ಕುಡಿದ್ರೆ ನಿಮ್ಮ ತಮ್ಮನ ವೈನೇ ಕುಡೀಬೇಕು ಕಣ್ರೀ," ಎಂದು ಊಟಕ್ಕೆ ಕುಳಿತಾಗ ನನ್ನ ಹೆಂಡತಿಯೇ ಅಂದಳು. ಹೊಟ್ಟೆ ಉರಿದುಹೋಯಿತು.

ಮರುದಿನ ಮಧ್ಯಾಹ್ನ ಅವನಿಲ್ಲದಾಗ ಕದ್ದು ರುಚಿ ನೋಡಲು ಗುಹೆಗಿಳಿದೆ. ಒಳಗೆ ಚಳಿ ಕೊರೆಯುತ್ತಿತ್ತು. ಮೂಲೆಯ ಪೀಪಾಯಿ ಮಾತ್ರ ಜ್ವರದ ಮೈಯಂತೆ ಸುಡುತ್ತಿತ್ತು. ಬಿರಡೆ ಕಿತ್ತಾಗ ಒಳಗೆ ಯಾರೋ ಉಸಿರೆಳೆದುಕೊಂಡಂತಾಯಿತು. ಆದರೂ ಕುಡಿದೆ. ಅಂಥ ವೈನನ್ನು ನಾನೆಂದೂ ಕುಡಿದಿರಲಿಲ್ಲ.

ಮೆಟ್ಟಿಲ ಮೇಲೆ ಎದುರಾದ ಇಲಾರಿಯೊ ನನ್ನ ಬಾಯಿ ಮೂಸಿದ.

"ಇದು ನನ್ನ ವೈನಲ್ಲ, ಆ ಮೂಲೆ ಪೀಪಾಯಿದು. ಅದು ಅಜ್ಜನ ಕಾಲದಿಂದ ಖಾಲಿ ಕಣಣ್ಣ. ದಿನಾ ಬಗ್ಗಿ ನೋಡ್ತೀನಿ, ನನಗೊಂದು ಹನಿ ಕೊಟ್ಟಿಲ್ಲ. ನಿನಗ್ಯಾಕೆ ಕೊಡ್ತು?"

ಅವನ ಕಣ್ಣಲ್ಲಿ ನನ್ನದೇ ಉರಿ ಕಂಡಿತು. ನನ್ನನ್ನು ತಳ್ಳಿ ಕೆಳಗಿಳಿದ. ನಾನು ಮೆಟ್ಟಿಲಲ್ಲೇ ಕಾದೆ. ಗುಹೆಗೆ ಬೇರೆ ದಾರಿಯಿಲ್ಲ. ಹನ್ನೊಂದು ವರ್ಷವಾಯಿತು, ಇಲಾರಿಯೊ ಹೊರಬಂದಿಲ್ಲ, ಗುಹೆಯೊಳಗೂ ಇಲ್ಲ.