ಯಾರೂ ಬಳಸದ ಬಚ್ಚಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಗಾಳಿಯಲ್ಲಿ ತೇವ ಹೆಚ್ಚಾದರೆ ತಾನಾಗಿ ತಿರುಗುವ ಫ್ಯಾನುಗಳ ರಿಪೇರಿ ನನ್ನ ಕಸುಬು. ಆ ಮನೆಯ ಮಹಡಿಯ ಬಚ್ಚಲನ್ನು ಯಾರೂ ಬಳಸುತ್ತಿರಲಿಲ್ಲವಂತೆ, ಆದರೂ ಫ್ಯಾನು ನಿಲ್ಲುತ್ತಿರಲಿಲ್ಲ.

"ಒಳಗೆ ಒದ್ದೆ ಬಟ್ಟೆ ಏನಾದ್ರೂ ಒಣಗ್ಹಾಕ್ತೀರೇನಮ್ಮ?" ಎಂದೆ.

"ಬೀಗ ಹಾಕಿರೋ ಬಚ್ಚಲಲ್ಲಿ ಯಾರಪ್ಪ ಒಣಗ್ಹಾಕ್ತಾರೆ?" ಎನ್ನುತ್ತಾ ಮನೆಯೊಡತಿ ನನ್ನ ಮುಖ ನೋಡದೆ ಬೀಗ ತೆಗೆದರು. ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ನಲ್ಲಿಗೆ ತುಕ್ಕು ಹಿಡಿದಿತ್ತು, ನೆಲದ ಮೇಲೆ ಧೂಳು ಕೂತಿತ್ತು. ತೇವ ಅಳೆಯುವ ಸೆನ್ಸರ್ ಕೆಟ್ಟಿರಬೇಕೆಂದು ಏಣಿ ಹತ್ತಿ ಹೊಸದನ್ನು ಹಾಕಿದೆ. ಅದನ್ನು ಪರೀಕ್ಷಿಸಲು ನಾವು ಅದರ ಮೇಲೆ ಉಸಿರು ಬಿಡುತ್ತೇವೆ. ಅಂಕಿ ಏರುತ್ತದೆ, ಆಮೇಲೆ ಇಳಿಯುತ್ತದೆ. ನಾನು ಬಾಯಿ ಹತ್ತಿರ ಒಯ್ಯುವ ಮೊದಲೇ ಅಂಕಿ ಏರಿತು, ಇಳಿಯಿತು, ಮತ್ತೆ ಏರಿತು.

ನನ್ನ ಉಸಿರೇ ತಾಗುತ್ತಿರಬೇಕೆಂದು ಉಸಿರು ಬಿಗಿಹಿಡಿದೆ. ಅಂಕಿ ನಿಂತಿತು. ಸದ್ಯ ಇಷ್ಟೇ ತಾನೇ ಎಂದುಕೊಂಡು ಏಣಿ ಇಳಿದು, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಡಿಸ್‌ಪ್ಲೇಯಲ್ಲಿ ಒಳಗಿನ ಸೆನ್ಸರಿನ ಅಂಕಿ ಮತ್ತೆ ಏರಿಳಿಯುತ್ತಿತ್ತು. ಬಾಗಿಲ ಈಚೆ ನಿಂತೇ ಉಸಿರು ಹಿಡಿದೆ.

ಅಂಕಿ ನಿಂತಿತು.

ಎದೆ ಉರಿಯತೊಡಗಿದರೂ ನಾನು ಉಸಿರು ಬಿಡಲಿಲ್ಲ. ಮನೆಯೊಡತಿ ಮೆಲ್ಲಗೆ ನನ್ನ ತೋಳು ಮುಟ್ಟಿದರು.

"ಉಸಿರು ಬಿಡಪ್ಪ," ಎಂದರು. "ನೀನು ಬಿಡೋ ತನಕ ಅದೂ ಬಿಡಲ್ಲ."