ಮನೆಯ ನಂಬರಿನ ಜಾಗ

“ನಿಮ್ ಮನಿ ನಂಬರ್ ಕೊಡಿ. ನಿಮ್ಮೊಬ್ರ್ ದೆಸಿಂದ ನನ್ ಪ್ರೋಗ್ರಾಂ ನಿಂತ್ ಹೋತ್ತ್...”

ಗಂಗೊಳ್ಳಿಯ ಮೀನುಗಾರರ ಸಂಘದ ಕಚೇರಿಯಲ್ಲಿ ಪ್ರಫುಲ್ಲಾ ಬೋಟಿಗೆ ಹೋಗುವ ರತ್ನಾಕರನಿಗೆ ಆಡಿದ ಮೊದಲ ಮಾತೇ ಸಿಡುಕಿನದು.

ಸಂಜೆ ಬೋಟುಗಳಿಂದ ವೈರ್‌ಲೆಸ್ಸಿನಲ್ಲಿ ಬಂದದ್ದನ್ನು ಅವಳು ಕಂಪ್ಯೂಟರಿಗೆ ತುಂಬುತ್ತಿದ್ದಳು. ಹೆಸರು, ಇರುವ ಜಾಗ, ಮರಳುವ ದಿನ, ಮನೆಯ ನಂಬರು... ಪ್ರತಿ ತಲೆಬರಹದ ಎದುರು ಅದರ ವಿವರ. ಅವಳೇ ಬರೆದ ಪ್ರೋಗ್ರಾಂ ಆ ಬಿಡಿ ಜೋಡಿಗಳನ್ನು ಪೋಣಿಸಿ, ಯಾರು ಬೇಕಾದರೂ ಓದಬಲ್ಲ ವಾಕ್ಯ ಮಾಡಿ ಮನೆಯವರ ಮೊಬೈಲಿಗೆ ಕಳಿಸುತ್ತಿತ್ತು.

‘ಚಂದಯ್ಯ ಭಟ್ಕಳದ ನೇರಕ್ಕೆ ಕಡಲಲ್ಲಿದ್ದಾರೆ, ಕ್ಷೇಮ. ನಾಡಿದ್ದು ಬರುತ್ತಾರೆ.’

ರತ್ನಾಕರನ ಮನೆಯ ನಂಬರಿನ ಜಾಗ ಮಾತ್ರ ಖಾಲಿ. ಅಲ್ಲಿ ಪ್ರೋಗ್ರಾಂ ಮುಗ್ಗರಿಸಿದರೆ ಉಳಿದವರ ಸಂದೇಶವೂ ಹೋಗುತ್ತಿರಲಿಲ್ಲ.

“ನನ್ ಸುದ್ದಿ ಕೇಂಬುಕ್ ಯಾರೂ ಇಲ್ಲೆ. ಹೆಸ್ರ್ ತೆಗ್ದ್ ಬಿಡಿ,” ಎಂದು ಅವನು ಹೊರಟುಹೋದ.

ಖಾಲಿ ಜಾಗ ದಾಟಿ ಹೋಗು ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೂ... ಬಸ್ರೂರಿನಲ್ಲಿ ಅಮ್ಮ ತೀರಿಹೋದ ಮೇಲೆ ಪ್ರಫುಲ್ಲಾಳ ಮೊಬೈಲಿಗೂ ಬರುತ್ತಿದ್ದುದು ಕಂಪನಿಯ ಜಾಹೀರಾತು ಮಾತ್ರ. ಆ ಜಾಗದಲ್ಲಿ ತನ್ನ ನಂಬರನ್ನೇ ಹಾಕಿದಳು.

ಬಾಡಿಗೆ ಕೋಣೆಯಲ್ಲಿ ಅನ್ನಕ್ಕಿಡುವ ಮೊದಲು ಅವನ ಸುದ್ದಿಯ ಸಂದೇಶ ಓದುವುದು ರೂಢಿಯಾಯಿತು. ‘ರತ್ನಾಕರ ಕ್ಷೇಮ. ನಾಳೆ ಬರುತ್ತಾರೆ.’ ತಾನೇ ಹೆಣೆದ ವಾಕ್ಯ, ಆದರೂ ಯಾರೋ ತನಗೆಂದೇ ಬರೆದಂತೆ!

ಕಚೇರಿಯಲ್ಲಿ ಜೊತೆಗಿದ್ದ ಕುಸುಮ ನಗುತ್ತ ಇದನ್ನು ಅವನ ಕಿವಿಗೂ ಹಾಕಿದಳು. ಅವನು ಕಚೇರಿಗೆ ಬಂದು ನಿಂತ.

“ಪಾಪ ಅಂದ್ಹೇಳಿ ಹಾಕಿದ್ರ್ಯಾ?”

“ಇಲ್ಲೆ... ಬರೀ ಟೆಸ್ಟಿಂಗಿಗೆ.”

ಅವನ ಮುಖ ಸಣ್ಣದಾಯಿತು. ಹಾಗಾದರೆ ತೆಗೆಯಿರಿ ಎಂದ. ಅವಳು ತೆಗೆದು, ಖಾಲಿ ಜಾಗ ದಾಟುವ ಆ ಒಂದು ಸಾಲನ್ನು ಬರೆದಳು.

ಮುಂದಿನ ಸಂಜೆಗಳಲ್ಲಿ ಎಲ್ಲರ ಮನೆಗೂ ಸುದ್ದಿ ಹೋಯಿತು. ಅವಳ ಮೊಬೈಲು ಸುಮ್ಮನಿತ್ತು. ಗಾಳಿ ಜೋರಾದ ದಿನ ಅನ್ನವೇ ಸೇರಲಿಲ್ಲ. ಅವನಿಗೆ ಹೇಳದೇ ಇದ್ದರೆ ಜೀವನವೆಲ್ಲ ಹೀಗೇ...

ಅವನ ಬೋಟು ಬಂದ ಬೆಳಿಗ್ಗೆ ಅವಳು ಬಂದರಿನ ಧಕ್ಕೆಗೆ ಹೋದಳು. ಅವನು ಬಲೆ ಬಿಡಿಸುತ್ತಿದ್ದ.

“ಟೆಸ್ಟಿಂಗ್ ಅಂದದ್ದ್ ಸುಳ್ಳ್. ನೀವ್ ಬಪ್ಪುದನ್ನ್ ಕಾಯ್ತಾ ಇದ್ದೆ.”

ಅವನ ಕೈ ನಿಂತಿತು.

“ಈ ಸಲ ವೈರ್‌ಲೆಸ್ಸಲ್ ನನ್ ಹೆಸ್ರ್ ಹೇಳುಕೇ ಮನ್ಸಾಯಿಲ್ಲೆ,” ಎಂದ ಮೆಲ್ಲಗೆ. “ಯಾರಿಗ್ ಹೇಳುದ್ ಅಂದ್ಹೇಳಿ...”

ಅವಳ ಕಣ್ಣು ತುಂಬಿತು. ಅವನು ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದ.

“ತಿಂಡಿ ಆಯ್ತಾ?”

“ಇಲ್ಲೆ.”

“ಕೂಕಣಿ. ಗಂಜಿ ಇತ್ತ್, ಇಬ್ರಿಗೂ ಆತ್ತ್.”